ಎರಡು ಮೈಕ್ರಾನಿನ ಸಿಟ್ಟು

ಪೀಣ್ಯ ಎರಡನೇ ಹಂತದ ಆ ತಗಡಿನ ಶೆಡ್ಡಿಗೆ ಅಂಕಣಕಾರರು ಕಾಲಿಟ್ಟಾಗ ಮಧ್ಯಾಹ್ನ ಮೂರು ಗಂಟೆ. ಇನ್ನೂರು ಶಾಫ್ಟುಗಳ ಲಾಟು ವಾಪಸು ಬಂದು ಬಾಗಿಲ ಪಕ್ಕದ ಕೆಂಪು ಟ್ರೇಗಳಲ್ಲಿ ಕೂತಿತ್ತು. ರಿಜೆಕ್ಟ್ ಆಗಿದ್ದು ಒಂದೇ ಒಂದು ಮೈಕ್ರಾನಿಗೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ. ಲೇತಿನ ಪಕ್ಕದ ಮೇಜಿನ ಮೇಲೆ, ಕಾಟನ್ ವೇಸ್ಟಿನ ಮೆತ್ತೆಯಲ್ಲಿ, ಡಿಜಿಟಲ್ ಮೈಕ್ರೋಮೀಟರ್ ಮುಖ ಸಿಂಡರಿಸಿಕೊಂಡು ಮಲಗಿತ್ತು.

“ಮೊದಲು ಇದನ್ನ ಬರ್ಕೊಳ್ಳಿ ಸಾರ್. ನಾನು ಸಿ-ಕ್ಲಾಂಪ್ ಅಲ್ಲ!”

ಅಂಕಣಕಾರರು ಬರೆದುಕೊಂಡರು. ಶಾಫ್ಟಿನ ವಿಷಯ ಕೇಳಿದರೂ ಅದು ಕ್ಲಾಂಪು ಬಿಡಲಿಲ್ಲ. “ಹಿಂದೆ ರಾಚೆಟ್ ಅಂತ ಒಂದು ಗುಬುಟು ಕೊಟ್ಟಿದ್ದಾರೆ. ಕಿರ್ ಕಿರ್ ಅಂತ ಎರಡು ಮೂರು ಸಲ ಅನ್ನಿಸಿದರೆ ಸಾಕು, ಹಿಡಿತ ಪ್ರತಿ ಸಲ ಒಂದೇ ಥರ ಇರುತ್ತೆ. ಇವರು ಅದನ್ನ ಮುಟ್ಟಲ್ಲ. ನಲ್ಲಿ ಕಟ್ಟೋ ಥರ ಥಿಂಬಲ್ ಹಿಡಿದು ತಿರುಗಿಸ್ತಾರೆ. ಮೊನ್ನೆ ರಾತ್ರಿಪಾಳಿಯಲ್ಲಿ ಎರಡು ಪಟ್ಟಿ ಸೇರಿಸಿ ಹಿಡಿಯೋಕೆ ನನ್ನನ್ನೇ ಬಿಗಿದರು. ಬೆಳಿಗ್ಗೆ ಅದೇ ನನ್ನ ಕೈಯಲ್ಲಿ ಮೈಕ್ರಾನ್ ಕೇಳ್ತಾರೆ!”

“ನಿಮ್ಮ ಜೀರೋ ಸರಿ ಇದೆಯೇ?” ಎಂದರು ಅಂಕಣಕಾರರು.

“ಕ್ಲಾಂಪಿನ ವಿಷಯ ಇನ್ನೂ ಮುಗಿದಿಲ್ಲ,” ಎಂದಿತು ಅದು.

ಅಂತೂ ಡ್ರಾಯಿಂಗಿನ ಮಾತು ಬಂತು. ಶಾಫ್ಟಿನ ವ್ಯಾಸ 20 ಎಚ್6. ಹಾಗೆಂದರೆ 20.000 ಮಿಮೀಗಿಂತ ದಪ್ಪ ಇರಕೂಡದು, 19.987ಕ್ಕಿಂತ ತೆಳ್ಳಗೂ ಇರಕೂಡದು. ಓಡಾಡಲು ಇರುವ ಜಾಗವೇ 13 ಮೈಕ್ರಾನು. ಶೆಡ್ಡಿನಲ್ಲಿ ಇದೇ ಮೈಕ್ರೋಮೀಟರ್ 19.988 ತೋರಿಸಿ ಪಾಸು ಮಾಡಿತ್ತು. ಗಿರಾಕಿ ಕಂಪನಿಯ ಎಸಿ ಕೋಣೆಯ ಸಾಧನ 19.986 ಎಂದಿತು. ಲಾಟು ವಾಪಸು, ಜೊತೆಗೊಂದು ಡೆಬಿಟ್ ನೋಟು.

“ಹಾಗಾದರೆ ಸುಳ್ಳು ಹೇಳಿದ್ದು ಯಾರು?”

“ಯಾರೂ ಇಲ್ಲ ಸಾರ್, ಅದೇ ಮಜಾ. ನನ್ನ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನ ಕೆಳಗಡೆ ಓದಿ. ಅನಿಶ್ಚಿತತೆ ಎರಡು ಮೈಕ್ರಾನ್, ಅತ್ತಲೂ ಇತ್ತಲೂ, ನೂರಕ್ಕೆ 95 ಭರವಸೆ. ನಾನು 19.988 ಅಂದರೆ 19.986ರಿಂದ 19.990ರ ಒಳಗೆ ಎಲ್ಲೋ ಇದೆ ಅಂತ ಅರ್ಥ. ಪರದೆ ಮೇಲೆ ಮೂರನೇ ಅಂಕಿ ಮಿನುಗುತ್ತೆ ಅಂತ ಅದನ್ನ ದೇವರ ವಾಕ್ಯ ಮಾಡ್ಕೊಂಡರೆ ನಾನೇನು ಮಾಡಲಿ? ಯಾರೂ ಆ ಕಾಗದ ಓದಲ್ಲ. ಆಡಿಟ್ ದಿನ ಸ್ಟಿಕ್ಕರ್ ಇದೆಯಾ, ಡ್ಯೂ ಡೇಟ್ ದಾಟಿಲ್ಲ ತಾನೆ, ಅಷ್ಟೇ ನೋಡೋದು.”

ಆಮೇಲೆ ಬಿಸಿಲು. ಉದ್ದಳತೆಗೆ ಲೋಕವೆಲ್ಲ ಒಪ್ಪಿದ ಉಷ್ಣಾಂಶ 20 ಡಿಗ್ರಿ. ಏಪ್ರಿಲಿನ ತಗಡಿನ ಶೆಡ್ಡು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. ಲೇತಿನಿಂದ ಆಗಷ್ಟೇ ಇಳಿದ ಶಾಫ್ಟು ಮೈಕ್ರೋಮೀಟರಿಗಿಂತ 20 ಡಿಗ್ರಿ ಬಿಸಿ ಇದ್ದರೆ, ಆ 20 ಮಿಮೀ ವ್ಯಾಸದಲ್ಲೇ ನಾಲ್ಕೂವರೆ ಮೈಕ್ರಾನ್ ಏರುಪೇರು.

ಇಲ್ಲಿ ಅಂಕಣಕಾರರಿಗೆ ತಮ್ಮ ಹಳೇ ರೋಗ ಕೆರಳಿತು. “ಹಾಗಾದರೆ ಪೆಟ್ರೋಲ್ ಬಂಕಿನ ಕಥೆ ಹೇಳಿ. ಐದು ಲೀಟರಿಗೆ 25 ಎಂಎಲ್ ಹೆಚ್ಚುಕಮ್ಮಿಗೆ ಕಾನೂನಿನಲ್ಲೇ ರಿಯಾಯಿತಿ ಇದೆ. ಹೆಚ್ಚು-ಕಮ್ಮಿ ಅಂದಮೇಲೆ ಒಮ್ಮೊಮ್ಮೆ ಹೆಚ್ಚೂ ಬೀಳಬೇಕಲ್ಲ? ನನಗೆ ಹದಿನೆಂಟು ವರ್ಷದಲ್ಲಿ ಒಂದು ಹನಿ—”

“ಸಾರ್, ನಾನು ಮೈಕ್ರೋಮೀಟರ್.”

“ಐದು ಲೀಟರಿನ ಕ್ಯಾನು ತಂದು ಅಳೆದು ತೋರಿಸಿ ಅಂದರೆ ಹುಡುಗ ನಗ್ತಾನೆ!”

“ಪ್ರತಿ ಸಲವೂ ಒಂದೇ ಕಡೆ ವಾಲಿದರೆ ಅದು ಅನಿಶ್ಚಿತತೆ ಅಲ್ಲ, ದೋಷ,” ಎಂದು ಅದು ಸಮಾಧಾನ ಮಾಡಿತು. “ದೋಷ ಇಷ್ಟು ಅಂತ ಗೊತ್ತಾದರೆ ಕಳೆದುಹಾಕಬಹುದು. ಅನಿಶ್ಚಿತತೆ ಹಾಗಲ್ಲ, ಕಟ್ಟಿಕೊಂಡೇ ಸಂಸಾರ ಮಾಡಬೇಕು. ಹಬಲ್ ದೂರದರ್ಶಕದ ಕಥೆ ಗೊತ್ತಲ್ಲ? 2.4 ಮೀಟರಿನ ಕನ್ನಡಿ. ಅದನ್ನ ಪರೀಕ್ಷಿಸೋ ಸಾಧನ ಜೋಡಿಸುವಾಗ ಅಳತೆ ಕೋಲಿನ ಟೊಪ್ಪಿಯಲ್ಲಿ ಬಣ್ಣ ಎದ್ದುಹೋಗಿತ್ತು. ಬೆಳಕು ಕೋಲಿನ ತುದಿ ಬಿಟ್ಟು ಅಲ್ಲಿಂದ ತಿರುಗಿತು, ಒಂದು ಮಸೂರ 1.3 ಮಿಮೀ ಜಾಗ ತಪ್ಪಿ ಕೂತಿತು. ಕನ್ನಡಿಯನ್ನ ತಪ್ಪು ಆಕಾರಕ್ಕೇ ಬಹಳ ನಿಖರವಾಗಿ ಉಜ್ಜಿದರು! ಬೇರೆ ಎರಡು ಪರೀಕ್ಷೆ ತಪ್ಪಿದೆ ಅಂತ ಬಡ್ಕೊಂಡವು. ಅವು ಅಷ್ಟು ನಿಖರ ಅಲ್ಲ ಅಂತ ಕಡೆಗಣಿಸಿದರು. 1990ರಲ್ಲಿ ಹಾರಿಸಿದ ಮೇಲೆ ಚಿತ್ರವೆಲ್ಲ ಮಸುಕು. 1993ರಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ರಿಪೇರಿ ಮಾಡಬೇಕಾಯ್ತು. ದೊಡ್ಡ ಸಂಬಳದ ಸಾಧನ ಹೇಳಿದ್ದೇ ವೇದ, ಅಲ್ವಾ?”

ಕೆಂಪು ಟ್ರೇಗಳ ಕಡೆ ನೋಡಿದ ಮೇಲೆ ಅದರ ದನಿಯಲ್ಲಿ ತಮಾಷೆ ಉಳಿಯಲಿಲ್ಲ.

“ಐಎಸ್‌ಒ 14253-1 ಅಂತ ನಿಯಮ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಸರಿ ಅಂತ ಸಾಬೀತು ಮಾಡಬೇಕಾದವನು ತನ್ನ ಅನಿಶ್ಚಿತತೆಯನ್ನ ತಾನೇ ಹೊರಬೇಕು. ಸರಿ ಇಲ್ಲ ಅಂತ ವಾಪಸು ಕಳಿಸೋನೂ ಅಷ್ಟೇ. ಅವರದ್ದೂ ಎರಡು ಮೈಕ್ರಾನ್ ಅಂತಿಟ್ಕೊಳ್ಳಿ, 19.986 ತೋರಿಸಿದ್ದಕ್ಕೆಲ್ಲ ರಿಜೆಕ್ಟ್ ಮಾಡೋ ಹಾಗಿಲ್ಲ. ಆದರೂ ಮಾಡಿದರು. ಮಾಲೀಕರು ಯಾಕೆ ಅಂತ ಕೇಳಲಿಲ್ಲ, ಕೇಳಿದರೆ ಮುಂದಿನ ಆರ್ಡರ್ ಇಲ್ಲ. ಎಲ್ಲರ ಅನಿಶ್ಚಿತತೆಯೂ ಇಳಿದು ಇಳಿದು ಕೊನೆಗೆ ಆ ಲೇತ್ ಹುಡುಗನ ಓವರ್‌ಟೈಮಿಗೆ ಬಂದು ನಿಂತಿತು. ಎರಡು ವಾರದ ದುಡ್ಡು ಹಿಡಿದಿದ್ದಾರೆ ಸಾರ್. ಊರಿಗೆ ಕಳಿಸಬೇಕಾದ ದುಡ್ಡು.”

ಅಂಕಣಕಾರರು ಪೆಟ್ರೋಲಿನ ಮಾತೆತ್ತಲಿಲ್ಲ.

ಅಷ್ಟರಲ್ಲಿ ಆ ಹುಡುಗನೇ ಬಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೈಕ್ರೋಮೀಟರ್ ಎತ್ತಿ, ಬಾಯಿಗಳ ನಡುವೆ ಬಿಳಿ ಕಾಗದದ ಚೂರು ಎಳೆದು ಎಣ್ಣೆ ತೆಗೆದ. ರಾಚೆಟ್ಟನ್ನೇ ಹಿಡಿದು ಮುಚ್ಚಿದ. ಕಿರ್, ಕಿರ್, ಕಿರ್. ನಡುವೆ ಏನೂ ಇರಲಿಲ್ಲ. ಪರದೆಯ ಮೇಲೆ 0.002 ಎಂದು ಬಂತು.

ಹುಡುಗ ಒಂದು ಗಳಿಗೆ ನೋಡಿ, ಗುಂಡಿ ಒತ್ತಿ 0.000 ಮಾಡಿದ. ಮೈಕ್ರೋಮೀಟರ್ ಏನೂ ಹೇಳಲಿಲ್ಲ. ಅಂಕಣಕಾರರು ಪುಸ್ತಕ ತಿರುವಿ 19.988 ಎಂದು ಬರೆದಿದ್ದ ಸಾಲನ್ನು ಹುಡುಕುತ್ತಿದ್ದರು.