ಕಾಗದದ ಮೇಲಣ ರೈಲು

ಆಷಾಢದ ಮಳೆ ಹಗಲಿರುಳೆನ್ನದೆ ಸುರಿಯುತ್ತ, ಅಂಗಳಕ್ಕಿಳಿದರೆ ಇಂಬಳಗಳು ಆತಿಥ್ಯಕ್ಕೆ ಕಾದಿರುವ ನಮ್ಮ ಕೊಪ್ಪದ ಸೀಮೆಯಲ್ಲಿ, ಸದ್ಗೃಹಸ್ಥನಾದವನು ರೈಲುಮಾರ್ಗಗಳನ್ನು ನಿರ್ಮಿಸದೆ ಮತ್ತೇನನ್ನು ತಾನೆ ಮಾಡಿಯಾನು? ಸರಕಾರದ ಅಪ್ಪಣೆ ಬೇಡ, ಗುಡ್ಡ ಕಡಿಯುವ ಶ್ರಮವೂ ಬೇಡ. ಒಂದು ಅಡಿಪಟ್ಟಿ, ಎರಡು ಬಣ್ಣದ ಪೆನ್ಸಿಲು ಸಾಕು.

ಈ ವಿದ್ಯೆಯ ಆದ್ಯಪುರುಷನೆಂದರೆ ಲಂಡನ್ನಿನ ಹ್ಯಾರಿ ಬೆಕ್. ನೆಲದಡಿಯ ರೈಲಿಗೆ ಭೂಗೋಳದ ಹಂಗೇಕೆಂದು ಬಗೆದು, ವಕ್ರಮಾರ್ಗಗಳನ್ನೆಲ್ಲ ನೇರಗೆರೆಗಳಾಗಿಯೂ 45 ಡಿಗ್ರಿಯ ಓರೆಗೆರೆಗಳಾಗಿಯೂ ತಿದ್ದಿದ ಆತನ ನಕ್ಷೆ 1933ರಲ್ಲಿ ಪ್ರಕಟವಾಯಿತು. ಅದೇ ಸೂತ್ರವನ್ನು ಹಿಡಿದು, ನರಸಿಂಹರಾಜಪುರದಿಂದ ಕೊಪ್ಪ, ಹರಿಹರಪುರಗಳ ಮೂಲಕ ಶೃಂಗೇರಿಯ ಶಾರದೆಯ ಸನ್ನಿಧಿಯವರೆಗೆ ನಾನೊಂದು ಕೆಂಪು ಗೆರೆಯನ್ನೆಳೆದೆ. ಬಸ್ಸಿನಲ್ಲಿ ಹೊಟ್ಟೆ ತೊಳಸುವಂತೆ ಮಾಡುವ ತಿರುವುಗಳೆಲ್ಲ ಒಂದೇ ಎಳೆತಕ್ಕೆ ಮಾಯವಾದುವು!

ನಗುವವರು ನಗಲಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ, ಎರಡಡಿ ಅಗಲದ ಹಳಿಯ ಮೇಲೆ, ಪುಟ್ಟ ರೈಲೊಂದು ಹಿಂದೆ ನಿಜವಾಗಿಯೂ ಓಡಾಡುತ್ತಿದ್ದುದು ಸುಳ್ಳೇ? ಅದು ಅಳಿದುಹೋಯಿತು, ನನ್ನದಿನ್ನೂ ಹುಟ್ಟಿಲ್ಲ; ಸದ್ಯಕ್ಕೆ ಎರಡೂ ಒಂದೇ ವೇಗದಲ್ಲಿ ಚಲಿಸುತ್ತಿವೆ.

ಕಾಫಿ ತಂದ ನನ್ನಾಕೆ ನಕ್ಷೆಯನ್ನು ದಿಟ್ಟಿಸಿ, “ಅಲ್ಲ, ಜಯಪುರ ಎಲ್ಲಿ? ನನ್ನ ತವರಿಗೆ ನಿಮ್ಮ ರೈಲು ಹೋಗುವುದಿಲ್ಲವೇನು?” ಎಂದಳು. ಲಂಡನ್ನಿನ ಬೆಕ್ಕನಿಗೆ ಈ ಪ್ರಶ್ನೆ ಎದುರಾಗಿತ್ತೋ ಇಲ್ಲವೋ, ನಾನಂತೂ ತತ್‌ಕ್ಷಣವೇ ಕೊಪ್ಪವನ್ನು ಜಂಕ್ಷನ್ನೆಂದು ಘೋಷಿಸಿ, ಜಯಪುರಕ್ಕೆ ಹಸುರು ಬಣ್ಣದ ಕವಲುಮಾರ್ಗವೊಂದನ್ನು ಮಂಜೂರು ಮಾಡಿದೆ. ಅಲ್ಲಿಂದ ಮರಳುವ ಗಾಡಿ ತಿಂಗಳಿಗೊಂದೇ ಎಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಆಕೆ ಇನ್ನೂ ನೋಡಿಲ್ಲ.