ಕಡತ ತಡೆಯುವ ಪ್ರೋಟೀನು

ಕಾಯ್ಕಿಣಿ ಎಂದೊಡನೆ ನಾಡಿಗೆಲ್ಲ ಜಯಂತ ಕಾಯ್ಕಿಣಿ ನೆನಪಾಗುತ್ತಾರೆ. ಆ ಕತೆಗಾರರು ಓದಿದ್ದು ಬಯೋಕೆಮಿಸ್ಟ್ರಿ. ಹಾಗಾಗಿ ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಲ್ಲಿ ನಿಂತು ಪ್ರೋಟೀನಿನ ಮಾತೆತ್ತಿದರೆ ಅಧಿಕಪ್ರಸಂಗವೇನಲ್ಲ.

ಊರಿನ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ಘಟ್ಟ ಹತ್ತಿ ಸಿದ್ದಾಪುರ, ಸೊರಬದ ಕಡೆ ಹೋದರೆ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣಿ ಕಚ್ಚಿ ಅಂಟುವ ವೈರಸ್ಸು. ಅದರ ಬತ್ತಳಿಕೆಯಲ್ಲಿ ಎನ್‌ಎಸ್‌5 ಎಂಬ ಪ್ರೋಟೀನು. ವೈರಸ್ಸು ನುಗ್ಗಿದೊಡನೆ ಜೀವಕೋಶ ಇಂಟರ್‌ಫೆರಾನ್ ಎಂಬ ದೂರು ಹೊರಡಿಸುತ್ತದೆ. ಪಕ್ಕದ ಕೋಶದ ಬಾಗಿಲಲ್ಲಿ ಜ್ಯಾಕ್ ಎಂಬ ಗುಮಾಸ್ತ ಅದನ್ನು ಪಡೆದು, ಸ್ಟ್ಯಾಟ್ ಎಂಬ ಜವಾನನಿಗೆ ಫಾಸ್ಫೇಟಿನ ಮೊಹರು ಒತ್ತಿ ಒಳಗಿನ ಸಾಹೇಬರ ಕೋಣೆಗೆ, ಅಂದರೆ ಕೋಶಕೇಂದ್ರಕ್ಕೆ, ಕಳಿಸಬೇಕು. ಎನ್‌ಎಸ್‌5 ನಡುವೆ ಕೂತು ಕಡತವನ್ನು ಅಲ್ಲಾಡಗೊಡುವುದಿಲ್ಲ. ಲಂಚ ಕೇಳುವುದಿಲ್ಲ, ಅಷ್ಟರಮಟ್ಟಿಗೆ ನಮ್ಮ ಕಚೇರಿಗಳಿಗಿಂತ ಮೇಲು.

ಇಂಥ ತಡೆಗಾರರನ್ನು ಪತ್ತೆಹಚ್ಚಲು ಲ್ಯಾಬಿನವರು ಬೇಕಾದ ಪ್ರೋಟೀನನ್ನಷ್ಟೇ ಗುರುತಿಸಿ ಅಂಟಿಕೊಳ್ಳಬೇಕಾದ ಆಂಟಿಬಾಡಿ ತರಿಸುತ್ತಾರೆ. ಮೊಲಕ್ಕೋ ಆಡಿಗೋ ಪ್ರೋಟೀನು ಚುಚ್ಚಿ, ರಕ್ತ ತೆಗೆದು, ಸೋಸಿ, ಥರ್ಮಕೋಲ್ ಡಬ್ಬಿಯಲ್ಲಿ ಐಸು ತುಂಬಿ ಹೊರದೇಶದಿಂದ ಬರುವ ಸೀಸೆಯಲ್ಲಿರುವುದು 100 ಮೈಕ್ರೋಲೀಟರ್. ಲೆಕ್ಕಕ್ಕೆ ಎರಡೇ ಹನಿ, ಬೆಲೆ ಹತ್ತಾರು ಸಾವಿರ. ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನು ಪತ್ತೆಯ ಪರೀಕ್ಷೆ ಮಾಡಿದರೆ ಕಾಗದದ ಮೇಲೆ ಒಂದು ಕಪ್ಪು ಗೆರೆ ಮೂಡಬೇಕು. ಕೆಟ್ಟ ಆಂಟಿಬಾಡಿಯಾದರೆ ಮೂಡುವುದು ಏಳೆಂಟು. ಕಳ್ಳ ಯಾರೆಂದು ಕೇಳಿದರೆ ಬೀದಿಗೆ ಬೀದಿಯನ್ನೇ ತೋರಿಸಿದಂತೆ. ಹೀಗೆ ಜಗತ್ತು ವರ್ಷಕ್ಕೆ 80 ಕೋಟಿ ಡಾಲರ್ ಕೈಚೆಲ್ಲುತ್ತಿದೆ ಎಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳೇ ಬರೆದರು. ಅಮೆರಿಕದ ಒಂದು ಆಂಟಿಬಾಡಿ ಕಂಪನಿ ಆಡು, ಮೊಲಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ಆರೋಪಕ್ಕೆ 2016ರಲ್ಲಿ 35 ಲಕ್ಷ ಡಾಲರ್ ದಂಡ ತೆತ್ತಿತು. ಆಡುಗಳಿಗಾದರೂ ನ್ಯಾಯ ಸಿಕ್ಕಿತಲ್ಲ!

ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗಿ ಉಣ್ಣಿ ಕಚ್ಚಿಸಿಕೊಳ್ಳುವವರ ಸರದಿ ಇನ್ನೂ ಬಂದಿಲ್ಲ. ಮಂಗನ ಕಾಯಿಲೆಗೆ ಇದ್ದ ಒಂದೇ ಲಸಿಕೆ ಪರಿಣಾಮ ಸಾಲದೆಂದು 2022ರಲ್ಲಿ ನಿಂತಿತು. ಅದು ಸಾಲದೆಂದು ತಿಳಿಯಲು ದಶಕಗಳು ಬೇಕಾದವು. ಆ ಕಡತದ ಮೇಲೆ ಕೂತಿದ್ದ ಪ್ರೋಟೀನು ಯಾವುದೆಂದು ತೋರಿಸುವ ಆಂಟಿಬಾಡಿ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಬೇಸಿಗೆಯಲ್ಲಿ ಕಾಡಿಗೆ ಹೋಗುವವರು ಕೈಕಾಲಿಗೆ ಉಣ್ಣಿ ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ, ಇಲ್ಲವೇ ನೋಡುತ್ತ ಕೂರುತ್ತಾರೆ.