ಗೋವಕ್ಕಿಯ ಖಾತೆ

ಉಲ್ಲಾಳದ ಕಡೆ ಸೈಟು ಕೊಂಡವರೆದುರು ‘ಖಾತೆ’ ಎಂದರೆ ಸಾಕು, ಫ್ಯಾನಿನಡಿಯಲ್ಲೂ ಬೆವರುತ್ತಾರೆ. ಮೊದಲು ಪಂಚಾಯ್ತಿ, ಆಮೇಲೆ ಬಿಬಿಎಂಪಿ. 2025ರಲ್ಲಿ ಅದೂ ಒಡೆದು ಐದು ಪಾಲಿಕೆಗಳಾದವು. ಸೈಟು ಮಾತ್ರ ಪಾರ್ಥೇನಿಯಂ ಬೆಳೆಸಿಕೊಂಡು ಇದ್ದಲ್ಲೇ ಇದೆ. ಕೆರೆಯಂಗಳದ ಗೋವಕ್ಕಿಯ ಪಾಡೂ ಇದೇ.

ಹಸುವಿನ ಗೊರಸಿನ ಹಿಂದೆಯೇ ಹೆಜ್ಜೆ ಹಾಕಿ, ಹುಲ್ಲಿನಿಂದೆದ್ದ ಮಿಡತೆಯನ್ನು ಗುಳುಂ ಮಾಡುವ ಈ ಹಕ್ಕಿಯನ್ನು 1758ರಲ್ಲಿ ಲಿನೇಯಸ್ ‘ಆರ್ಡಿಯಾ’ ಎಂಬ ಬಕಗಳ ಕುಲಕ್ಕೆ ಸೇರಿಸಿದ. ಮುಂದಿನ ಶತಮಾನದವರು ‘ಬುಬುಲ್ಕಸ್’ ಎಂಬ ಬೇರೆ ಕುಲ ಮಾಡಿಕೊಟ್ಟರು. ಈಚಿನವರು ಡಿಎನ್‌ಎ ನೋಡಿ, ತಿರುಗಿ ಆರ್ಡಿಯಾಕ್ಕೇ ಕಳಿಸಿದರು. ಸಾಲದ್ದಕ್ಕೆ ಪೂರ್ವದ ಗೋವಕ್ಕಿ, ಪಶ್ಚಿಮದ ಗೋವಕ್ಕಿ ಎಂದು ಪಾಲೂ ಮಾಡಿದರು. ಮರಿ ಮಾಡುವ ಕಾಲದಲ್ಲಿ ಪೂರ್ವದ್ದಕ್ಕೆ ಕೆನ್ನೆ, ಗಂಟಲೆಲ್ಲ ಕಿತ್ತಳೆ. ಪಶ್ಚಿಮದ್ದಕ್ಕೆ ನೆತ್ತಿ, ಎದೆ, ಬೆನ್ನಿಗಷ್ಟೇ ಬಣ್ಣ. ಉಳಿದ ದಿನ ಎರಡೂ ಬೆಳ್ಳಗೆ. ಪಶ್ಚಿಮ ಬೆಂಗಳೂರಿನಲ್ಲಿದ್ದರೂ ನಮ್ಮದು ಪೂರ್ವದ್ದು!

ಹಕ್ಕಿಪಟ್ಟಿ ಬರೆದಿಡುವ ನೆರೆಯ ರಾಯರು ಟೆಕ್ಸಾಸ್‌ನ ಮಗಳ ಮನೆಗೆ ಹೋಗಿದ್ದಾಗ ಗೋವಕ್ಕಿ ಕಂಡು, “ಇದನ್ನ ನೋಡೋಕೆ ಇಲ್ಲೀತನಕ ಬರ್ಬೇಕಿತ್ತೆ?” ಎಂದು ಮುಖ ತಿರುಗಿಸಿದ್ದರಂತೆ. ಅಲ್ಲಿಯದು ಪಶ್ಚಿಮದ್ದು ಎಂದು ಗೊತ್ತಾದಾಗಿನಿಂದ ಮೊಮ್ಮಗನ ಹಳೆಯ ಫೋಟೊಗಳನ್ನೆಲ್ಲ ಹಿಗ್ಗಿಸಿ, ಮಗು ಬಿಟ್ಟು ಮೂಲೆಗಳನ್ನು ಹುಡುಕುತ್ತಿದ್ದಾರೆ.

ಚಳಿಗಾಲಕ್ಕೆ ನಮ್ಮ ಹೊಂಗೆ ಮರಕ್ಕೆ ಬರುವ ಗ್ರೀನಿಷ್ ವಾರ್ಬ್ಲರ್‌ನದು ಇನ್ನೂ ದೊಡ್ಡ ತಕರಾರು. ದನಿ ಕೇಳಿಸುತ್ತದೆ, ಕತ್ತೆತ್ತಿದರೆ ಬರೀ ಎಲೆ. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವವೆಲ್ಲ ಒಂದು ಪ್ರಭೇದ ಎಂದು ಜೀವವಿಜ್ಞಾನಿ ಅರ್ನ್‌ಸ್ಟ್ ಮೇಯರ್ 1942ರಲ್ಲಿ ಸೂತ್ರ ಕೊಟ್ಟಿದ್ದರು. ಈ ಹಕ್ಕಿ ಆ ಸೂತ್ರವನ್ನೇ ಕಕ್ಕಾಬಿಕ್ಕಿ ಮಾಡುತ್ತದೆ. ಮರಿ ಮಾಡುವಾಗ ಟಿಬೆಟ್ ಪ್ರಸ್ಥಭೂಮಿಯ ಸುತ್ತ ಬಳೆಯಂತೆ ಇವುಗಳ ಬೀಡು. ಹಿಮಾಲಯದಿಂದ ಪಶ್ಚಿಮದ ದಾರಿಯಲ್ಲೂ ಪೂರ್ವದ ದಾರಿಯಲ್ಲೂ ಉತ್ತರಕ್ಕೆ ಹೋದಂತೆ ಹಾಡು ಚೂರುಚೂರೇ ಬದಲಾಗುತ್ತದೆ, ನೆರೆಹೊರೆಯವಕ್ಕೆ ತೊಂದರೆಯಿಲ್ಲ. ಎರಡು ದಾರಿ ಸೈಬೀರಿಯಾದಲ್ಲಿ ಕೂಡುವ ಹೊತ್ತಿಗೆ ಮಾತ್ರ ಇದು ಹಾಡಿದರೆ ಅದು ಕ್ಯಾರೇ ಅನ್ನುವುದಿಲ್ಲ. ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ತೋರಿಸಿದರು. 2014ರಲ್ಲಿ ಜೀನೋಮ್ ಕೆದಕಿದರೆ, ಆ ಬಳೆಯೇ ಹಿಂದೆ ಅಲ್ಲಲ್ಲಿ ಮುರಿದು ಮತ್ತೆ ಕೂಡಿದ್ದೆಂದು ತಿಳಿಯಿತು. ಇನ್ನು ಎಲ್ಲಿ ಗೆರೆ ಎಳೆಯುತ್ತೀರಿ, ಎಳೆಯಿರಿ!

ಹಾಗಂತ ಪಟ್ಟಿಯೇ ಬೇಡವೆನ್ನಲಾಗದು. ಹೆಸರಿಲ್ಲದ ಜೀವಿಯನ್ನು ಉಳಿಸಲು ಯಾವ ಕಾನೂನೂ ಬರುವುದಿಲ್ಲ. ಅದಕ್ಕೇ ತಲಾ ಒಂದೊಂದು ಪಟ್ಟಿ ಹಿಡಿದು ಜಗಳವಾಡುತ್ತಿದ್ದ ಪಕ್ಷಿತಜ್ಞರು 2025ರ ಜೂನ್‌ನಲ್ಲಿ ರಾಜಿಯಾಗಿ ‘ಏವಿಲಿಸ್ಟ್’ ತಂದರು: ಜಗತ್ತಿನಲ್ಲಿ 11,131 ಹಕ್ಕಿ ಪ್ರಭೇದ. ವರ್ಷ ವರ್ಷ ತಿದ್ದುವುದಾಗಿ ಅವರೇ ಹೇಳಿಕೊಂಡಿದ್ದಾರೆ. ತಿದ್ದಲೇಬೇಕು, ಹಕ್ಕಿಗಳು ಒಂದು ರಾತ್ರಿಯಲ್ಲಿ ಬೇರೆಯಾದವಲ್ಲ, ಕೆಲವು ಇನ್ನೂ ಬೇರೆಯಾಗುತ್ತಲೇ ಇವೆ. ತಕರಾರಿಲ್ಲದ ಪಟ್ಟಿ ಬೇಕಿದ್ದರೆ ವಿಕಾಸವನ್ನೇ ನಿಲ್ಲಿಸಬೇಕು. ಅದಕ್ಕೆ ರಾಯರು ಸುತರಾಂ ಒಪ್ಪುವುದಿಲ್ಲ: ವಿಮಾನದ ಟಿಕೆಟ್ಟಿಲ್ಲದೆ ಮನೆಗೇ ಬರುವ ಹೊಸ ಹಕ್ಕಿ ಯಾರಿಗೆ ಬೇಡ?